ಕರ್ನಲ್‌ಗೆ ಗೊತ್ತಿರುವುದು, ಫೈಲ್‌ನಲ್ಲಿ ಬರೆದಿರುವುದು

ಓಡುತ್ತಿರುವ ಯಾವುದೇ ಲಿನಕ್ಸ್ ಅಥವಾ ಬಿಎಸ್‌ಡಿ (ಎರಡೂ ಯುನಿಕ್ಸ್ ಬಳಗದ ಆಪರೇಟಿಂಗ್ ಸಿಸ್ಟಮ್‌ಗಳು) ಸರ್ವರ್‌ಗೆ ‘ನಿನ್ನ ಐಪಿ ವಿಳಾಸ ಯಾವುದು’ ಎಂದು ಕೇಳಿದರೆ ಎರಡು ಕಡೆಯಿಂದ ಉತ್ತರ ಬರುತ್ತದೆ. ಒಂದು, ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಈ ಗಳಿಗೆಯಲ್ಲಿ ಮೆಮೊರಿಯಲ್ಲಿ ಇಟ್ಟುಕೊಂಡಿರುವ ಉತ್ತರ. ಪ್ಯಾಕೆಟ್‌ಗಳು (ನೆಟ್‌ವರ್ಕ್‌ನಲ್ಲಿ ಸಾಗುವ ಮಾಹಿತಿಯ ತುಂಡುಗಳು) ಹೋಗುವುದು, ಬರುವುದು ಎಲ್ಲ ಅದರ ಪ್ರಕಾರವೇ. ಇನ್ನೊಂದು, ಡಿಸ್ಕ್‌ನ ಯಾವುದೋ ಫೈಲ್‌ನಲ್ಲಿ ಬರೆದಿಟ್ಟಿರುವ ಉತ್ತರ. ಯಂತ್ರ ಮುಂದಿನ ಸಲ ಬೂಟ್ ಆದಾಗ ಲೆಕ್ಕಕ್ಕೆ ಬರುವುದು ಅದು. ಇವೆರಡೂ ಒಂದೇ ಆಗಿವೆಯೋ ಇಲ್ಲವೋ ಎಂದು ಸಿಸ್ಟಮ್ ತಾನಾಗಿ ಪರೀಕ್ಷಿಸುವುದಿಲ್ಲ. ಬೇರೆಯಾದರೆ ಯಾವ ಎಚ್ಚರಿಕೆಯೂ ಬರುವುದಿಲ್ಲ.

ವರ್ಷಗಟ್ಟಲೆ ಸರ್ವರ್‌ಗಳ ನೆಟ್‌ವರ್ಕ್ ನೋಡಿಕೊಂಡ ಮೇಲೆ ನನ್ನಲ್ಲಿ ಗಟ್ಟಿಯಾಗಿರುವ ಅಭಿಪ್ರಾಯ ಇಷ್ಟು: ವಿಳಾಸ, ಮಾಸ್ಕ್ (ನೆರೆಹೊರೆಯ ವಿಳಾಸಗಳು ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವ ಅಂಕಿ), ಗೇಟ್‌ವೇ (ಹೊರಗಿನ ನೆಟ್‌ವರ್ಕ್‌ಗೆ ದಾರಿ ಕೊಡುವ ಯಂತ್ರ) ಸರಿಯಾಗಿ ಕೊಡುವುದು ಈ ಕೆಲಸದ ಅರ್ಧ ಭಾಗ ಮಾತ್ರ. ಆ ಎರಡು ಉತ್ತರಗಳು ತಾಳೆಯಾಗುವಂತೆ ನೋಡಿಕೊಳ್ಳುವುದು ಉಳಿದರ್ಧ. ತುರ್ತಿನಲ್ಲಿ ಯಾರೋ ಕಮ್ಯಾಂಡ್ ಲೈನ್‌ನಿಂದ ಒಂದು ವಿಳಾಸ ಸೇರಿಸುತ್ತಾರೆ, ಸರ್ವಿಸ್ ಎದ್ದು ನಿಲ್ಲುತ್ತದೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ತಿಂಗಳುಗಟ್ಟಲೆ ಸುಸೂತ್ರವಾಗಿ ನಡೆಯುತ್ತದೆ. ಕರ್ನಲ್ ಅಪ್‌ಡೇಟ್‌ಗೆಂದು ರೀಬೂಟ್ ಮಾಡಿದ ದಿನ ಆ ವಿಳಾಸ ಇಲ್ಲ. ಆಗ ಎಲ್ಲರ ಅನುಮಾನ ಹೋಗುವುದು ಹೊಸ ಕರ್ನಲ್ ಮೇಲೆ. ನಿಜವಾದ ಕಾರಣ ಅಷ್ಟು ತಿಂಗಳ ಹಿಂದಿನದು, ಅದನ್ನು ಮಾಡಿದವರು ಆ ಹೊತ್ತಿಗೆ ಬೇರೆ ಕೆಲಸಕ್ಕೇ ಹೋಗಿರಬಹುದು.

ಉತ್ತರ ಹೀಗೆ ಎರಡು ಕಡೆ ಇರುವುದು ಮೊದಲಿನಿಂದಲೂ ಇದೆ. ಇಫ್‌ಕಾನ್ಫಿಗ್ ಕಮ್ಯಾಂಡ್ ಹೊರಬಂದದ್ದು 1983ರಲ್ಲಿ, ಬರ್ಕ್ಲಿಯ 4.2ಬಿಎಸ್‌ಡಿ ಜೊತೆಗೆ. ಅದೇ ವರ್ಷದ ಜನವರಿ 1ರಂದು ಇಂಟರ್‌ನೆಟ್‌ನ ಪೂರ್ವಜ ಅರ್ಪಾನೆಟ್ ತನ್ನ ಹಳೆಯ ಎನ್‌ಸಿಪಿ ಪ್ರೋಟೋಕಾಲ್ ಬಿಟ್ಟು ಟಿಸಿಪಿ/ಐಪಿಗೆ ಬದಲಾಗಿತ್ತು. ಇಫ್‌ಕಾನ್ಫಿಗ್ ಮಾಡುತ್ತಿದ್ದದ್ದು ಕರ್ನಲ್‌ಗೆ ವಿಳಾಸ ಹೇಳುವ ಕೆಲಸ ಅಷ್ಟೇ. ನೆನಪಿಟ್ಟುಕೊಳ್ಳುವ ಕೆಲಸ ಅದರದ್ದಲ್ಲ. ಪ್ರತಿ ಸಲ ಬೂಟ್ ಆದಾಗಲೂ ಸ್ಟಾರ್ಟಪ್ ಸ್ಕ್ರಿಪ್ಟ್ ಅದನ್ನು ಮತ್ತೆ ಓಡಿಸಬೇಕಿತ್ತು. ಕರ್ನಲ್‌ಗೆ ಹೇಳುವ ರೀತಿ ಯುನಿಕ್ಸ್ ಲೋಕದಲ್ಲಿ ಹೆಚ್ಚುಕಡಿಮೆ ಒಂದೇ ತೆರನಾಗಿ ಉಳಿಯಿತು. ಬರೆದಿಡುವ ರೀತಿಯನ್ನು ಮಾತ್ರ ಪ್ರತಿಯೊಂದು ಸಿಸ್ಟಮ್ ತನಗೆ ತೋಚಿದಂತೆ ಕಟ್ಟಿಕೊಂಡಿತು. ಇವತ್ತಿನ ಗೊಂದಲದ ಬಹುಪಾಲು ಅಲ್ಲಿಂದಲೇ ಬಂದದ್ದು.

ಲಿನಕ್ಸ್‌ನಲ್ಲಿ ಕರ್ನಲ್‌ಗೆ ಹೇಳುವ ರೀತಿಯೂ ಮುಂದೆ ಬದಲಾಯಿತು. ಅಲೆಕ್ಸಿ ಕುಜ್ನೆತ್ಸೋವ್ ಬರೆದ ಐಪಿರೂಟ್2 ಬಂತು, ಅದರೊಳಗಿನ ‘ಐಪಿ’ ಕಮ್ಯಾಂಡ್ ನೆಟ್‌ಲಿಂಕ್ ಎಂಬ ಹೊಸ ದಾರಿಯಲ್ಲಿ ಕರ್ನಲ್ ಜೊತೆ ಮಾತಾಡುತ್ತದೆ. ಹಳೆಯ ಇಫ್‌ಕಾನ್ಫಿಗ್‌ನದು ಐಒಸಿಟಿಎಲ್ ಎಂಬ ಹಳೆಯ ದಾರಿ. ವ್ಯತ್ಯಾಸ ಒಳಗಿನದು ಅನ್ನಿಸಬಹುದು, ಆದರೆ ಕಣ್ಣಿಗೆ ಬೀಳುವಂಥದ್ದೇ. ‘ಐಪಿ’ ಮೂಲಕ ಎರಡನೆಯ ವಿಳಾಸ ಸೇರಿಸಿ, ಲೇಬಲ್ ಕೊಡದೆ ಬಿಟ್ಟರೆ, ಲಿನಕ್ಸ್‌ನ ಇಫ್‌ಕಾನ್ಫಿಗ್ ಅದನ್ನು ತೋರಿಸುವುದೇ ಇಲ್ಲ. ವಿಳಾಸ ಕೆಲಸ ಮಾಡುತ್ತಿರುತ್ತದೆ, ಪಿಂಗ್‌ಗೆ (ಇದ್ದೀಯಾ ಎಂದು ಕೇಳುವ ಪರೀಕ್ಷಾ ಪ್ಯಾಕೆಟ್‌ಗೆ) ಉತ್ತರ ಬರುತ್ತದೆ, ಪಟ್ಟಿಯಲ್ಲಿ ಮಾತ್ರ ಇಲ್ಲ. ಹಾಗಾಗಿ ಲಿನಕ್ಸ್‌ನಲ್ಲಿ ಕರ್ನಲ್‌ಗೆ ಏನು ಗೊತ್ತಿದೆ ಎಂದು ತಿಳಿಯಬೇಕಾದರೆ ‘ಐಪಿ ಅಡ್ರೆಸ್’ ಓಡಿಸಿ ಎಂದೇ ನಾನು ಹೇಳುತ್ತೇನೆ. ಬಿಎಸ್‌ಡಿಗಳಲ್ಲಿ ಇಫ್‌ಕಾನ್ಫಿಗ್ ಇಂದಿಗೂ ಜೀವಂತ, ಬೆಳೆಯುತ್ತಲೇ ಇದೆ. ಅಲ್ಲಿ ಅದನ್ನು ಹಳೆಯದೆಂದು ಕಡೆಗಣಿಸುವ ಕಾರಣವೇ ಇಲ್ಲ.

ಬರೆದಿಡುವ ಜಾಗಗಳು

ಓಪನ್‌ಬಿಎಸ್‌ಡಿಯ ಏರ್ಪಾಡು ನನಗೆ ಎಲ್ಲಕ್ಕಿಂತ ಇಷ್ಟ. ಇಎಂ0 ಎಂಬ ಇಂಟರ್‌ಫೇಸ್ (ನೆಟ್‌ವರ್ಕ್ ಕಾರ್ಡ್) ಇದ್ದರೆ ಇಟಿಸಿ ಡೈರೆಕ್ಟರಿಯಲ್ಲಿ ‘ಹೋಸ್ಟ್‌ನೇಮ್.ಇಎಂ0’ ಎಂಬ ಒಂದು ಚಿಕ್ಕ ಫೈಲ್. ಅದರೊಳಗೆ ಒಂದೋ ಎರಡೋ ಸಾಲು. ಗೇಟ್‌ವೇ ‘ಮೈಗೇಟ್’ ಎಂಬ ಇನ್ನೊಂದು ಫೈಲ್‌ನಲ್ಲಿ. ‘ನೆಟ್‌ಸ್ಟಾರ್ಟ್’ ಎಂಬ ಸ್ಕ್ರಿಪ್ಟ್ ಇವನ್ನು ಓದುತ್ತದೆ, ಬೂಟ್ ಆಗುವಾಗಲೂ ಅದೇ, ನೀವು ಕೈಯಿಂದ ಓಡಿಸುವಾಗಲೂ ಅದೇ. ಎರಡು ಉತ್ತರಗಳ ನಡುವೆ ಒಂದೇ ದಾರಿ ಇದ್ದರೆ ಅವು ಬೇರೆಯಾಗುವ ಸಂದರ್ಭವೇ ಕಡಿಮೆ. ಫ್ರೀಬಿಎಸ್‌ಡಿಯಲ್ಲಿ ಎಲ್ಲವೂ ಆರ್‌ಸಿ.ಕಾನ್ಫ್ ಎಂಬ ಒಂದೇ ಫೈಲ್‌ನಲ್ಲಿ: ‘ಇಫ್‌ಕಾನ್ಫಿಗ್_ಇಎಂ0’ ಎಂಬ ಹೆಸರಿನ ಮುಂದೆ ವಿಳಾಸ, ಮಾಸ್ಕ್, ‘ಡೀಫಾಲ್ಟ್‌ರೌಟರ್’ ಎಂಬುದರ ಮುಂದೆ ಗೇಟ್‌ವೇ. ಅಲ್ಲಿ ನೆಟ್‌ಐಎಫ್ ಸರ್ವಿಸ್ ರೀಸ್ಟಾರ್ಟ್ ಮಾಡಿದ ಮೇಲೆ ರೌಟಿಂಗ್ ಸರ್ವಿಸನ್ನೂ ರೀಸ್ಟಾರ್ಟ್ ಮಾಡಬೇಕು. ಮೊದಲನೆಯದನ್ನು ಮಾತ್ರ ಮಾಡಿದರೆ ವಿಳಾಸ ಬರುತ್ತದೆ, ಹೊರಗೆ ಹೋಗುವ ದಾರಿ ಬರುವುದಿಲ್ಲ.

ಡೆಬಿಯನ್‌ನ ಹಳೆಯ ಪದ್ಧತಿ ‘ಇಂಟರ್‌ಫೇಸಸ್’ ಫೈಲ್. ಅದರಲ್ಲಿ ‘ಆಟೋ’ ಅಥವಾ ‘ಅಲೌ-ಹಾಟ್‌ಪ್ಲಗ್’ ಎಂಬ ಸಾಲು ಬರೆಯದಿದ್ದರೆ ಉಳಿದದ್ದೆಲ್ಲ ಸರಿಯಿದ್ದರೂ ಬೂಟ್ ಆದಾಗ ಇಂಟರ್‌ಫೇಸ್ ತಾನಾಗಿ ಏಳುವುದಿಲ್ಲ. ಕೈಯಿಂದ ‘ಇಫ್‌ಅಪ್’ ಕೊಟ್ಟರೆ ಚೆನ್ನಾಗಿಯೇ ಏಳುತ್ತದೆ. ರೆಡ್ ಹ್ಯಾಟ್ ಬಳಗದಲ್ಲಿ ‘ಆನ್‌ಬೂಟ್’ ಎಂಬ ಸಾಲಿಗೆ ಅದೇ ಪಾತ್ರವಿತ್ತು. ಅಲ್ಲಿ ದಶಕಗಳ ಕಾಲ ಇದ್ದ ‘ಐಎಫ್‌ಸಿಎಫ್‌ಜಿ’ ಫೈಲ್‌ಗಳ ಜಾಗಕ್ಕೆ ಈಗ ನೆಟ್‌ವರ್ಕ್‌ಮ್ಯಾನೇಜರ್ ಎಂಬ ಹಿನ್ನೆಲೆ ಪ್ರೋಗ್ರಾಮ್‌ನ ಕೀಫೈಲ್‌ಗಳು ಬಂದಿವೆ. ಉಬುಂಟು 17.10ರಿಂದ ನೆಟ್‌ಪ್ಲಾನ್ ತಂದಿತು. ಅದು ಯಾಮಲ್ ಎಂಬ ಪಠ್ಯ ರೂಪದ ಫೈಲ್. ನೆಟ್‌ಪ್ಲಾನ್ ಅದನ್ನು ಓದಿ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿಗೋ (ಬೂಟ್ ಮತ್ತು ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಯ ನೆಟ್‌ವರ್ಕ್ ಭಾಗ) ನೆಟ್‌ವರ್ಕ್‌ಮ್ಯಾನೇಜರ್‌ಗೋ ಬೇಕಾದ ಫೈಲ್‌ಗಳನ್ನು ಬರೆದುಕೊಡುತ್ತದೆ. ಅಂದರೆ ನೀವು ಬರೆದ ಫೈಲ್‌ಗೂ ಕರ್ನಲ್‌ಗೂ ನಡುವೆ ಈಗ ಇಬ್ಬರು ಮಧ್ಯವರ್ತಿಗಳು.

ಮಧ್ಯವರ್ತಿಗಳು ಹೆಚ್ಚಾದಷ್ಟೂ ಮೊದಲು ಕೇಳಬೇಕಾದ ಪ್ರಶ್ನೆ: ಈ ಇಂಟರ್‌ಫೇಸ್‌ನ ಯಜಮಾನ ಯಾರು? ನೆಟ್‌ವರ್ಕ್‌ಮ್ಯಾನೇಜರ್ ನೋಡಿಕೊಳ್ಳುತ್ತಿರುವ ಇಂಟರ್‌ಫೇಸ್‌ಗೆ ನೀವು ‘ಐಪಿ’ ಕಮ್ಯಾಂಡ್‌ನಿಂದ ವಿಳಾಸ ಹಾಕಿದರೆ ಅದು ಕೆಲ ಹೊತ್ತು ಇರಬಹುದು. ಕೇಬಲ್ ತೆಗೆದು ಹಾಕಿದಾಗಲೋ ಕನೆಕ್ಷನ್ ಮತ್ತೆ ಎದ್ದಾಗಲೋ ನೆಟ್‌ವರ್ಕ್‌ಮ್ಯಾನೇಜರ್ ತನ್ನ ಫೈಲ್ ಪ್ರಕಾರವೇ ಎಲ್ಲವನ್ನೂ ಸರಿಪಡಿಸುತ್ತದೆ. ಅದರ ದೃಷ್ಟಿಯಲ್ಲಿ ಅದು ಸರಿಯೇ. ಕ್ಲೌಡ್‌ನ ವರ್ಚುವಲ್ ಯಂತ್ರಗಳಲ್ಲಿ ಇನ್ನೂ ಒಂದು ಮೆಟ್ಟಿಲು ಹಿಂದಕ್ಕೆ ಹೋಗಬೇಕು: ಅಲ್ಲಿ ನೆಟ್‌ಪ್ಲಾನ್ ಫೈಲ್ ಬರೆಯುವುದೇ ಕ್ಲೌಡ್-ಇನಿಟ್, ಹೊಸ ಯಂತ್ರವನ್ನು ಸಜ್ಜುಗೊಳಿಸುವ ಪ್ರೋಗ್ರಾಮ್. ಫೈಲ್‌ನ ತಲೆಯಲ್ಲೇ, ಇಲ್ಲಿ ಮಾಡಿದ ಬದಲಾವಣೆ ಉಳಿಯದಿರಬಹುದು ಎಂಬ ಎಚ್ಚರಿಕೆ ಇರುತ್ತದೆ. ಆ ಸಾಲನ್ನು ಓದದೆ ಕೆಳಗೆ ಇಳಿಯುವವರು ಬಹಳ. ಒಂದು ಇಂಟರ್‌ಫೇಸ್‌ಗೆ ಒಬ್ಬನೇ ಯಜಮಾನ ಇರಲಿ, ಅದು ಯಾರೆಂದು ತಿಳಿದ ಮೇಲೆ ಅವನ ಭಾಷೆಯಲ್ಲೇ ಹೇಳಿ. ಯಾವ ಉಪಕರಣ ಶ್ರೇಷ್ಠ ಎಂಬ ಚರ್ಚೆಗಿಂತ ಇದು ನನಗೆ ಮುಖ್ಯ.

ಹೆಸರಿನ ವಿಚಾರವನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ. ಬಿಎಸ್‌ಡಿಗಳಲ್ಲಿ ಇಂಟರ್‌ಫೇಸ್ ಹೆಸರು ಡ್ರೈವರ್‌ನಿಂದ ಬರುತ್ತದೆ: ಇಎಂ0, ಐಜಿಬಿ0, ಆರ್‌ಇ0. ಲಿನಕ್ಸ್‌ನಲ್ಲಿ ಎಲ್ಲವೂ ಈಥ್0, ಈಥ್1 ಆಗಿದ್ದವು, ಕರ್ನಲ್ ಯಾವ ಕಾರ್ಡನ್ನು ಮೊದಲು ಕಂಡಿತೋ ಅದು ಸೊನ್ನೆ. ಎರಡು ಕಾರ್ಡ್ ಇರುವ ಸರ್ವರ್‌ನಲ್ಲಿ ಆ ಕ್ರಮ ಬೂಟ್‌ನಿಂದ ಬೂಟ್‌ಗೆ ಅದಲುಬದಲಾದರೆ ಹೊರಗಿನ ನೆಟ್‌ವರ್ಕ್‌ನ ವಿಳಾಸ ಒಳಗಿನ ಕಾರ್ಡ್‌ಗೆ ಹೋಗಿ ಕೂರುತ್ತದೆ. 2013ರಲ್ಲಿ ಸಿಸ್ಟಮ್‌ಡಿ 197ನೇ ಆವೃತ್ತಿಯಿಂದ ಇಎನ್‌ಪಿ3ಎಸ್0 ಥರದ ಹೆಸರುಗಳು ಬಂದವು: ಪಿಸಿಐ ಬಸ್ 3, ಸ್ಲಾಟ್ 0. ನೋಡಲು ಒರಟು, ಬಾಯಲ್ಲಿ ಹೇಳಲು ಕಷ್ಟ, ಆದರೂ ನಾನು ಇದರ ಪರ. ಫೈಲ್‌ನಲ್ಲಿ ಬರೆದ ಹೆಸರು ಮುಂದಿನ ಬೂಟ್‌ನಲ್ಲೂ ಅದೇ ಕಾರ್ಡನ್ನು ತೋರಿಸಬೇಕು. ಅದಿಲ್ಲದಿದ್ದರೆ ಬರೆದಿಟ್ಟ ಉತ್ತರಕ್ಕೆ ಅರ್ಥವೇ ಇಲ್ಲ. ಕಾರ್ಡನ್ನು ಬೇರೆ ಸ್ಲಾಟ್‌ಗೆ ಹಾಕಿದರೆ ಈ ಹೆಸರೂ ಬದಲಾಗುತ್ತದೆ ಎಂಬುದನ್ನು ಮರೆಯಬಾರದು. ಅಂಥ ಯಂತ್ರಗಳಲ್ಲಿ ಮ್ಯಾಕ್ ವಿಳಾಸ (ಕಾರ್ಡ್‌ನದೇ ಹಾರ್ಡ್‌ವೇರ್ ವಿಳಾಸ) ನೋಡಿ ಹೊಂದಿಸುವುದೇ ಲೇಸು.

ಮಾಸ್ಕ್ ತಪ್ಪಿದಾಗ

ನೆಟ್‌ಮಾಸ್ಕ್ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡಬೇಕು. ವಿಳಾಸ ತಪ್ಪಿದರೆ ಏನೂ ನಡೆಯುವುದಿಲ್ಲ, ಗೇಟ್‌ವೇ ತಪ್ಪಿದರೆ ಹೊರಗೆ ಹೋಗಲಾಗುವುದಿಲ್ಲ, ಎರಡೂ ಕೂಡಲೇ ಗೊತ್ತಾಗುತ್ತವೆ. ಮಾಸ್ಕ್ ತಪ್ಪಿದರೆ ಮುಕ್ಕಾಲು ಪಾಲು ಸರಿಯಾಗಿಯೇ ನಡೆಯುತ್ತದೆ. ಅದೇ ಅಪಾಯ.

ಒಂದು ಉದಾಹರಣೆ ತೆಗೆದುಕೊಳ್ಳೋಣ. 192.0.2ರಿಂದ ಶುರುವಾಗುವ ವಿಳಾಸಗಳನ್ನು ಉದಾಹರಣೆಗೆಂದೇ ಆರ್‌ಎಫ್‌ಸಿ 5737 ಎಂಬ ಇಂಟರ್‌ನೆಟ್ ದಾಖಲೆ ಎತ್ತಿಟ್ಟಿದೆ, ನಿಜವಾದ ಇಂಟರ್‌ನೆಟ್‌ನಲ್ಲಿ ಅವು ಯಾರದ್ದೂ ಅಲ್ಲ. ನಮ್ಮ ಸರ್ವರ್ 192.0.2.70. ಅದು ಇರುವ ನೆಟ್‌ವರ್ಕ್ 192.0.2.64/26 (ಮಾಸ್ಕ್ 26 ಎಂದರೆ ಮೊದಲ 26 ಬಿಟ್ ನೆಟ್‌ವರ್ಕ್‌ನದು), ಅಂದರೆ ಕೊನೆಯ ಅಂಕಿ 64ರಿಂದ 127ರವರೆಗೆ ಒಟ್ಟು 64 ವಿಳಾಸಗಳು. 64 ನೆಟ್‌ವರ್ಕ್‌ನ ಗುರುತಿಗೆ, 127 ಬ್ರಾಡ್‌ಕಾಸ್ಟ್‌ಗೆ, ಉಳಿದ 62 ಯಂತ್ರಗಳಿಗೆ. ಗೇಟ್‌ವೇ 192.0.2.65.

ಈಗ ಯಾರೋ /26 ಬದಲು ಅಭ್ಯಾಸಬಲದಿಂದ /24 ಬರೆದರು ಅನ್ನಿ. ಸರ್ವರ್ ಈಗ 192.0.2ರ ಎಲ್ಲ ವಿಳಾಸಗಳೂ ತನ್ನ ತಂತಿಯ ಮೇಲೆಯೇ ಇವೆ ಎಂದು ನಂಬುತ್ತದೆ. ಹೊರಗಿನ ಲೋಕಕ್ಕೆ ಹೋಗುವ ಪ್ಯಾಕೆಟ್ ಗೇಟ್‌ವೇ ಮೂಲಕ ಸರಾಗವಾಗಿ ಹೋಗುತ್ತದೆ, ಅಪ್‌ಡೇಟ್ ಡೌನ್‌ಲೋಡ್ ಆಗುತ್ತದೆ, ಪಕ್ಕದ ಯಂತ್ರಗಳೂ ಸಿಗುತ್ತವೆ. 192.0.2.10ರಲ್ಲಿರುವ ಡೇಟಾಬೇಸ್ ಮಾತ್ರ ಸಿಗುವುದಿಲ್ಲ. ಅದು ಇರುವುದು ಪಕ್ಕದ /26ರಲ್ಲಿ, ಗೇಟ್‌ವೇಯ ಆಚೆ. ಸರ್ವರ್ ಗೇಟ್‌ವೇಗೆ ಕೊಡಬೇಕಾದ ಪ್ಯಾಕೆಟನ್ನು ಕೈಯಲ್ಲಿ ಹಿಡಿದು, ‘ಇಲ್ಲಿ 192.0.2.10 ಯಾರು’ ಎಂದು ತನ್ನದೇ ತಂತಿಯ ಮೇಲೆ ಎಆರ್‌ಪಿ ಕೂಗು ಹಾಕುತ್ತದೆ. ಲಿನಕ್ಸ್ ಸಾಮಾನ್ಯವಾಗಿ ಸೆಕೆಂಡಿಗೊಂದರಂತೆ ಮೂರು ಸಲ ಕೂಗುತ್ತದೆ, ಉತ್ತರ ಬರದಿದ್ದರೆ ಕೈಬಿಡುತ್ತದೆ. ಆ ಹೊತ್ತಿನಲ್ಲಿ ‘ಐಪಿ ನೇಬರ್’ ಓಡಿಸಿದರೆ ಆ ವಿಳಾಸದ ಮುಂದೆ ಮೊದಲು ‘ಇನ್‌ಕಂಪ್ಲೀಟ್’, ಆಮೇಲೆ ‘ಫೇಲ್ಡ್’ ಎಂದು ಕಾಣುತ್ತದೆ. ಪಿಂಗ್ ಮಾಡಿದರೆ ‘ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್’ ಎಂಬ ಉತ್ತರ ಬರುತ್ತದೆ. ಆ ಉತ್ತರ ಯಾರಿಂದ ಬಂತು ಎಂದು ನೋಡಿ: 192.0.2.70, ನಮ್ಮದೇ ವಿಳಾಸ. ಗೇಟ್‌ವೇವರೆಗೆ ಪ್ಯಾಕೆಟ್ ಹೋಗಲೇ ಇಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಇದನ್ನು ಗಮನಿಸದವರು ಫೈರ್‌ವಾಲ್ ನಿಯಮಗಳನ್ನು ಹುಡುಕುತ್ತಾ ಕೂರುತ್ತಾರೆ.

ಉಲ್ಟಾ ತಪ್ಪು ಇನ್ನೂ ಸೂಕ್ಷ್ಮ. /26 ಬದಲು /27 ಬರೆದರೆ ಸರ್ವರ್‌ನ ಕಣ್ಣಿಗೆ 64ರಿಂದ 95ರವರೆಗಿನವರು ಮಾತ್ರ ನೆರೆಹೊರೆ. ಅದೇ ತಂತಿಯ ಮೇಲಿರುವ 192.0.2.100ಕ್ಕೆ ಹೋಗಬೇಕಾದ ಪ್ಯಾಕೆಟನ್ನೂ ಅದು ಗೇಟ್‌ವೇಗೆ ಕೊಡುತ್ತದೆ, ಗೇಟ್‌ವೇ ಅದನ್ನು ಬಂದ ತಂತಿಗೇ ತಿರುಗಿಸಿ ಹಾಕುತ್ತದೆ. ಆ ಕಡೆಯ ಯಂತ್ರದ ಮಾಸ್ಕ್ ಸರಿಯಿರುವುದರಿಂದ ಉತ್ತರ ನೇರವಾಗಿ ಬರುತ್ತದೆ. ಎಲ್ಲವೂ ನಡೆಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಮುಂದೊಂದು ದಿನ ಗೇಟ್‌ವೇಯ ಜಾಗದಲ್ಲಿ ಕನೆಕ್ಷನ್‌ಗಳ ಲೆಕ್ಕ ಇಡುವ ಫೈರ್‌ವಾಲ್ ಬಂದು ಕೂರುತ್ತದೆ. ಅದಕ್ಕೆ ಮಾತುಕತೆಯ ಒಂದು ಪಕ್ಕ ಮಾತ್ರ ಕೇಳಿಸುವುದರಿಂದ ಅರ್ಧಕ್ಕೇ ತಡೆದುಬಿಡುತ್ತದೆ. ತಪ್ಪು ಬರೆದ ದಿನಕ್ಕೂ ಅದು ಕಾಣಿಸಿಕೊಂಡ ದಿನಕ್ಕೂ ಸಂಬಂಧವೇ ಇಲ್ಲದಂತೆ ಕಾಣುತ್ತದೆ.

ಮಾಸ್ಕ್ ಬರೆಯದೆ ಬಿಟ್ಟರೆ ಏನಾಗುತ್ತದೆ ಎಂಬುದೂ ಉಪಕರಣದ ವಯಸ್ಸನ್ನು ಅವಲಂಬಿಸಿದೆ. ಲಿನಕ್ಸ್‌ನ ಇಫ್‌ಕಾನ್ಫಿಗ್ ಎ, ಬಿ, ಸಿ ಎಂಬ ಹಳೆಯ ವರ್ಗಗಳ ಪ್ರಕಾರ ಊಹಿಸುತ್ತದೆ: 10ರಿಂದ ಶುರುವಾಗುವ ವಿಳಾಸ ಕೊಟ್ಟರೆ ಮಾಸ್ಕ್ 255.0.0.0, ಅಂದರೆ /8. ಆ ವರ್ಗಗಳನ್ನು ಬಿಟ್ಟು, /26ರಂತೆ ಬರೆಯುವ ಸಿಐಡಿಆರ್ ಪದ್ಧತಿ ಬಂದದ್ದು 1993ರಲ್ಲಿ, ಆದರೆ ಇಫ್‌ಕಾನ್ಫಿಗ್ ಹುಟ್ಟಿದ್ದು ಅದಕ್ಕಿಂತ ಹತ್ತು ವರ್ಷ ಮೊದಲು. ‘ಐಪಿ’ ಕಮ್ಯಾಂಡ್ ಊಹೆಗೆ ಹೋಗುವುದೇ ಇಲ್ಲ, /32 ಎಂದು ತೆಗೆದುಕೊಳ್ಳುತ್ತದೆ, ಅಂದರೆ ನೆರೆಹೊರೆಯೇ ಇಲ್ಲದ ಒಂಟಿ ವಿಳಾಸ. ಯಾವ ಉಪಕರಣವಾದರೂ ಸರಿ, ಮಾಸ್ಕನ್ನು ಯಾವತ್ತೂ ಬಾಯಿಬಿಟ್ಟು ಹೇಳಬೇಕು.

ಒಂದು ಸಾಲನ್ನು ಓದುವ ಬಗೆ

‘ಐಪಿ ಲಿಂಕ್’ ಕೊಡುವ ಸಾಲಿನಲ್ಲಿ ಕೋನದ ಆವರಣದೊಳಗೆ ಕೆಲವು ಪದಗಳಿರುತ್ತವೆ. ಅದರಲ್ಲಿ ‘ಅಪ್’ ಎಂದಿದ್ದರೆ ಕೇಬಲ್ ಸರಿಯಿದೆ ಎಂದು ಅರ್ಥವಲ್ಲ. ಈ ಇಂಟರ್‌ಫೇಸ್ ಕೆಲಸ ಮಾಡಬೇಕು ಎಂದು ಯಾರೋ ಹೇಳಿದ್ದಾರೆ ಎಂದಷ್ಟೇ. ಕೇಬಲ್‌ನ ಆ ತುದಿಯಲ್ಲಿ ನಿಜವಾಗಿ ಯಾರಾದರೂ ಇದ್ದಾರೆಯೇ ಎಂದು ಹೇಳುವುದು ‘ಲೋವರ್_ಅಪ್’. ಕೇಬಲ್ ಕಿತ್ತರೆ ಆ ಪದ ಹೋಗಿ ‘ನೋ-ಕ್ಯಾರಿಯರ್’ ಬರುತ್ತದೆ, ‘ಅಪ್’ ಮಾತ್ರ ಹಾಗೆಯೇ ಇರುತ್ತದೆ. ವಿಳಾಸವೂ ಇರುತ್ತದೆ. ಆ ಸ್ಥಿತಿಯಲ್ಲೇ ಸರ್ವರ್‌ನಿಂದ ಅದರದೇ ವಿಳಾಸಕ್ಕೆ ಪಿಂಗ್ ಮಾಡಿದರೆ ಉತ್ತರ ಬರುತ್ತದೆ, ಏಕೆಂದರೆ ತನ್ನದೇ ವಿಳಾಸಕ್ಕೆ ಹೋಗುವ ಪ್ಯಾಕೆಟ್ ಕಾರ್ಡ್‌ವರೆಗೆ ಹೋಗುವುದೇ ಇಲ್ಲ, ಲೂಪ್‌ಬ್ಯಾಕ್‌ನಲ್ಲೇ ತಿರುಗಿ ಬರುತ್ತದೆ. ಹೀಗಾಗಿ ನಾನು ಕೆಳಗಿನಿಂದ ಮೇಲಕ್ಕೆ ನೋಡುತ್ತೇನೆ: ಮೊದಲು ಲಿಂಕ್, ಆಮೇಲೆ ವಿಳಾಸ ಮತ್ತು ಮಾಸ್ಕ್, ಆಮೇಲೆ ಗೇಟ್‌ವೇಯ ಎಆರ್‌ಪಿ, ಆಮೇಲೆ ರೂಟ್ (ಪ್ಯಾಕೆಟ್ ಹೋಗಬೇಕಾದ ದಾರಿ), ಹೆಸರುಗಳು ಕೊನೆಗೆ.

ಲಿಂಕ್ ಇದ್ದೂ ನಿಧಾನ ಅನ್ನಿಸಿದರೆ ‘ಎಥ್‌ಟೂಲ್’ ತೋರಿಸುವ ವೇಗ ಮತ್ತು ಡ್ಯೂಪ್ಲೆಕ್ಸ್ (ಕಳಿಸುವುದು, ಪಡೆಯುವುದು ಒಟ್ಟಿಗೇ ಆದರೆ ಫುಲ್, ಸರದಿಯಲ್ಲಿ ಆದರೆ ಹಾಫ್) ನೋಡಿ. 100 ಮೆಗಾಬಿಟ್ ಕಾಲದ ಹಳೆಯ ಸಲಕರಣೆಗಳಲ್ಲಿ ಒಂದು ತುದಿಯನ್ನು ಬಲವಂತವಾಗಿ ಫುಲ್ ಡ್ಯೂಪ್ಲೆಕ್ಸ್‌ಗೆ ಕಟ್ಟಿ ಇನ್ನೊಂದನ್ನು ಆಟೋದಲ್ಲಿ ಬಿಟ್ಟರೆ, ಆ ಇನ್ನೊಂದು ಹಾಫ್ ಡ್ಯೂಪ್ಲೆಕ್ಸ್‌ಗೆ ಬೀಳುತ್ತದೆ. ಪಿಂಗ್ ಚೆನ್ನಾಗಿ ಹೋಗುತ್ತದೆ, ದೊಡ್ಡ ಫೈಲ್ ಕಾಪಿ ತೆವಳುತ್ತದೆ. ತಾಮ್ರದ ಗಿಗಾಬಿಟ್‌ನಲ್ಲಿ ಆಟೋ-ನೆಗೋಶಿಯೇಶನ್ ಕಡ್ಡಾಯ, ಅಲ್ಲಿ ಅದನ್ನು ಮುಟ್ಟದೆ ಬಿಡುವುದೇ ಸರಿ.

ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಕೂಡ ಇದೇ ಜಾತಿಯದು. ಈಥರ್‌ನೆಟ್‌ನ ಮಾಮೂಲಿ ಅಳತೆ 1500 ಬೈಟ್, ಸ್ಟೋರೇಜ್ ನೆಟ್‌ವರ್ಕ್‌ಗಳಲ್ಲಿ 9000 ಇಡುತ್ತಾರೆ. ಸರ್ವರ್‌ನಲ್ಲಿ 9000 ಇಟ್ಟು ನಡುವಿನ ಸ್ವಿಚ್‌ನಲ್ಲಿ 1500 ಉಳಿದರೆ ಚಿಕ್ಕ ಪ್ಯಾಕೆಟ್‌ಗಳೆಲ್ಲ ದಾಟುತ್ತವೆ, ದೊಡ್ಡವು ಸದ್ದಿಲ್ಲದೆ ಬೀಳುತ್ತವೆ. ಸ್ವಿಚ್ ಯಾವ ದೂರನ್ನೂ ಕಳಿಸುವುದಿಲ್ಲ. ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ಉಪಕರಣ) ಕನೆಕ್ಟ್ ಆಗಿ ಕೀ ವಿನಿಮಯದ ಹಂತದಲ್ಲಿ ನಿಂತುಬಿಟ್ಟರೆ ನನ್ನ ಮೊದಲ ಅನುಮಾನ ಇದರ ಮೇಲೆಯೇ. ತುಂಡು ಮಾಡಬೇಡ ಎಂಬ ಆಯ್ಕೆ ಕೊಟ್ಟು 1472 ಬೈಟ್‌ನ ಪಿಂಗ್ ಕಳಿಸಿದರೆ, ಐಸಿಎಂಪಿ (ಪಿಂಗ್ ಬಳಸುವ ಪ್ರೋಟೋಕಾಲ್) ಹೆಡರ್‌ನ 8 ಮತ್ತು ಐಪಿ ಹೆಡರ್‌ನ 20 ಸೇರಿ ಸರಿಯಾಗಿ 1500 ಆಗುತ್ತದೆ. 9000ಕ್ಕೆ ಇದೇ ಲೆಕ್ಕದಲ್ಲಿ 8972.

ಎರಡು ಕಾರ್ಡ್ ಇರುವ ಯಂತ್ರಗಳಲ್ಲಿ ಡೀಫಾಲ್ಟ್ ಗೇಟ್‌ವೇ ಒಂದೇ ಇರಲಿ. ಎರಡೂ ಇಂಟರ್‌ಫೇಸ್‌ಗಳ ಸೆಟ್ಟಿಂಗ್‌ನಲ್ಲಿ ಗೇಟ್‌ವೇ ಎಂಬ ಸಾಲು ಕಂಡರೆ ಅದನ್ನು ತುಂಬಬೇಕೆಂದು ಅನ್ನಿಸುವುದು ಸಹಜ. ಆದರೆ ಉತ್ತರದ ಪ್ಯಾಕೆಟ್ ಪ್ರಶ್ನೆ ಬಂದ ಬಾಗಿಲಿನಿಂದಲೇ ಹೋಗುತ್ತದೆ ಎಂದೇನೂ ಇಲ್ಲ. ಅದು ತಲುಪಬೇಕಾದ ವಿಳಾಸ ನೋಡಿ, ರೂಟಿಂಗ್ ಟೇಬಲ್ ಹೇಳಿದ ಬಾಗಿಲಿನಿಂದ ಹೋಗುತ್ತದೆ. ಪ್ಯಾಕೆಟ್ ಬಂದ ಇಂಟರ್‌ಫೇಸ್‌ನಲ್ಲಿ ಕಟ್ಟುನಿಟ್ಟಿನ ಆರ್‌ಪಿ-ಫಿಲ್ಟರ್ (ಬಂದ ದಾರಿಯನ್ನು ತಾಳೆ ನೋಡುವ ಕರ್ನಲ್ ಸೆಟ್ಟಿಂಗ್) ಇದ್ದರೆ, ಉತ್ತರಕ್ಕೆ ಬೇರೆ ಬಾಗಿಲು ಬೇಕಾಗುವ ಪ್ಯಾಕೆಟನ್ನು ಕರ್ನಲ್ ಒಳಗೇ ಬಿಡುವುದಿಲ್ಲ. ಎರಡನೆಯ ಕಾರ್ಡ್‌ನ ಆಚೆ ಯಾವ ನೆಟ್‌ವರ್ಕ್‌ಗಳಿವೆಯೋ ಅವಕ್ಕೆ ಮಾತ್ರ ಪ್ರತ್ಯೇಕ ರೂಟ್ ಬರೆಯಿರಿ. ಎರಡೂ ಕಡೆಯಿಂದ ಇಡೀ ಲೋಕಕ್ಕೆ ಉತ್ತರಿಸಲೇಬೇಕಾದರೆ ಮೂಲ ವಿಳಾಸದ ಪ್ರಕಾರ ಬೇರೆ ಟೇಬಲ್ ನೋಡುವ ‘ಐಪಿ ರೂಲ್’ ಇದೆ. ಅನುಮಾನ ಬಂದಾಗ ಟೇಬಲನ್ನು ಕಣ್ಣಿನಿಂದ ಓದಿ ಊಹಿಸುವ ಬದಲು ‘ಐಪಿ ರೂಟ್ ಗೆಟ್’ ಎಂದು ಒಂದು ವಿಳಾಸ ಕೊಡಿ. ಯಾವ ಇಂಟರ್‌ಫೇಸ್, ಯಾವ ಗೇಟ್‌ವೇ, ಯಾವ ಮೂಲ ವಿಳಾಸ ಎಂದು ಕರ್ನಲ್ ತಾನೇ ಹೇಳುತ್ತದೆ. ಈ ಕಮ್ಯಾಂಡ್‌ಗೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ.

ದೂರದಿಂದ ಬದಲಾಯಿಸುವಾಗ

ಎಸ್‌ಎಸ್‌ಎಚ್ ಮೂಲಕ ಒಳಗೆ ಹೋಗಿ ಅದೇ ಇಂಟರ್‌ಫೇಸ್‌ನ ಸೆಟ್ಟಿಂಗ್ ಬದಲಾಯಿಸುವುದೆಂದರೆ ಕೂತ ಕೊಂಬೆಗೇ ಕೊಡಲಿ ಇಟ್ಟಂತೆ. ಆದರೂ ದಿನವೂ ಮಾಡಬೇಕಾಗುತ್ತದೆ. ಸೀರಿಯಲ್ ಕನ್ಸೋಲ್ ಅಥವಾ ಐಪಿಎಂಐ (ಆ ಇಂಟರ್‌ಫೇಸ್ ಕೆಟ್ಟರೂ ಯಂತ್ರವನ್ನು ತಲುಪುವ ಬೇರೆ ದಾರಿಗಳು) ಇದ್ದರೆ ಮೊದಲು ಅದರಲ್ಲಿ ಒಮ್ಮೆ ಲಾಗಿನ್ ಆಗಿ ನೋಡಿಕೊಳ್ಳಬೇಕು, ಪಾಸ್‌ವರ್ಡ್ ಗೊತ್ತಿದೆಯೇ ಎಂಬುದೂ ಸೇರಿ.

ಆರಂಭದಲ್ಲಿ ಹೇಳಿದ ಎರಡು ಉತ್ತರಗಳ ಅಂತರ ಅಪಾಯ ಹೌದು, ಆದರೆ ಇಲ್ಲಿ ಅದೇ ನಮ್ಮನ್ನು ಕಾಯುತ್ತದೆ. ಫೈಲ್ ಮುಟ್ಟಬೇಡಿ. ಮೊದಲು ‘ಶಟ್‌ಡೌನ್’ ಕಮ್ಯಾಂಡ್‌ನಿಂದ ಹತ್ತು ನಿಮಿಷದ ನಂತರ ರೀಬೂಟ್ ಆಗುವಂತೆ ನಿಗದಿ ಮಾಡಿ. ಆಮೇಲೆ ಕರ್ನಲ್‌ನ ಮೆಮೊರಿಯಲ್ಲಿ ಮಾತ್ರ ಬದಲಾವಣೆ ಮಾಡಿ. ಕೈತಪ್ಪಿದರೆ ಕಾಯಿರಿ, ಯಂತ್ರ ರೀಬೂಟ್ ಆಗಿ ಹಳೆಯ ಫೈಲ್ ಓದಿ ಹಳೆಯ ವಿಳಾಸದಲ್ಲೇ ಏಳುತ್ತದೆ. ಸರಿಹೋದರೆ ರೀಬೂಟ್ ರದ್ದು ಮಾಡಿ, ಆಮೇಲೆ ಫೈಲ್ ಬರೆಯಿರಿ. ಇದಕ್ಕೆ ಒಂದೇ ಷರತ್ತು: ಶುರು ಮಾಡುವ ಮುನ್ನ ಫೈಲ್‌ನಲ್ಲಿರುವುದೂ ಕರ್ನಲ್‌ನಲ್ಲಿರುವುದೂ ಒಂದೇ ಆಗಿರಬೇಕು. ಇಲ್ಲದಿದ್ದರೆ ರೀಬೂಟ್ ನಿಮ್ಮನ್ನು ಎಲ್ಲಿಗೆ ಒಯ್ಯುತ್ತದೆ ಎಂದು ಹೇಳಲಾಗದು. ಇನ್ನೊಂದು ಸಣ್ಣ ಸಂಗತಿ, ಗೊತ್ತಿಲ್ಲದವರಿಗೆ ಗಾಬರಿ ಹುಟ್ಟಿಸುವಂಥದ್ದು: ಸಿಸ್ಟಮ್‌ಡಿ ಇರುವ ಯಂತ್ರಗಳಲ್ಲಿ ನಿಗದಿತ ಶಟ್‌ಡೌನ್‌ಗೆ ಐದು ನಿಮಿಷ ಉಳಿದಾಗ ‘ನೋಲಾಗಿನ್’ ಎಂಬ ಫೈಲ್ ಹುಟ್ಟಿಕೊಂಡು ಸಾಮಾನ್ಯ ಬಳಕೆದಾರರ ಹೊಸ ಲಾಗಿನ್ ನಿಲ್ಲುತ್ತದೆ. ಹತ್ತು ನಿಮಿಷ ಇಟ್ಟಿದ್ದರೆ ಹೊಸ ವಿಳಾಸದಲ್ಲಿ ಲಾಗಿನ್ ಆಗಿ ನೋಡುವ ಪರೀಕ್ಷೆ ಮೊದಲ ಐದರಲ್ಲೇ ಆಗಬೇಕು. ಆಮೇಲೆ ಲಾಗಿನ್ ನಿರಾಕರಣೆ ಬಂದರೆ ಅದು ನೆಟ್‌ವರ್ಕ್ ತಪ್ಪಲ್ಲ.

ನೆಟ್‌ಪ್ಲಾನ್ ಈ ಯೋಚನೆಯನ್ನು ತನ್ನೊಳಗೇ ಸೇರಿಸಿಕೊಂಡಿದೆ. ‘ನೆಟ್‌ಪ್ಲಾನ್ ಟ್ರೈ’ ಕೊಟ್ಟರೆ ಹೊಸ ಸೆಟ್ಟಿಂಗ್ ಜಾರಿಗೆ ಬಂದು 120 ಸೆಕೆಂಡ್ ಕಾಯುತ್ತದೆ, ನೀವು ಎಂಟರ್ ಒತ್ತದಿದ್ದರೆ ಹಿಂದಿನದಕ್ಕೆ ಮರಳುತ್ತದೆ. ಜುನಿಪರ್ ರೌಟರ್‌ಗಳ ‘ಕಮಿಟ್ ಕನ್ಫರ್ಮ್ಡ್’ ಕೂಡ ಇದೇ, ಅಲ್ಲಿ ಅವಧಿ ಹತ್ತು ನಿಮಿಷ. ಎಲ್ಲ ಸಿಸ್ಟಮ್‌ಗಳಲ್ಲೂ ಇಂಥದ್ದು ಇರಬೇಕಿತ್ತು.

ವಿಳಾಸ ಬದಲಾಯಿಸುವಾಗ ಹೊಸದನ್ನು ಸೇರಿಸಿ, ಅದರ ಮೂಲಕ ಒಳಗೆ ಬಂದು, ಆಮೇಲೆ ಹಳೆಯದನ್ನು ತೆಗೆಯುವುದು ಒಳ್ಳೆಯ ಕ್ರಮ. ಅದರಲ್ಲೂ ಒಂದು ಕಡೆ ಕಾಲು ಜಾರುತ್ತದೆ. ಲಿನಕ್ಸ್‌ನಲ್ಲಿ ಒಂದೇ ಸಬ್‌ನೆಟ್‌ನ ಎರಡು ವಿಳಾಸಗಳಲ್ಲಿ ಮೊದಲು ಬಂದದ್ದು ಪ್ರೈಮರಿ, ನಂತರದ್ದು ಸೆಕೆಂಡರಿ. ಕರ್ನಲ್‌ನ ಮೂಲ ಸೆಟ್ಟಿಂಗ್‌ನಲ್ಲಿ ಪ್ರೈಮರಿಯನ್ನು ಅಳಿಸಿದರೆ ಅದರ ಸೆಕೆಂಡರಿಗಳೆಲ್ಲ ಜೊತೆಗೇ ಹೋಗುತ್ತವೆ. ಅಂದರೆ ಹಳೆಯದನ್ನು ತೆಗೆದ ಕೂಡಲೇ ನೀವು ಲಾಗಿನ್ ಆಗಿರುವ ಹೊಸದೂ ಹೋಯಿತು. ‘ಪ್ರಮೋಟ್_ಸೆಕೆಂಡರೀಸ್’ ಎಂಬ ಸಿಸ್‌ಸಿಟಿಎಲ್ (ಕರ್ನಲ್ ಸೆಟ್ಟಿಂಗ್) 1 ಆಗಿದ್ದರೆ ಮಾತ್ರ ಸೆಕೆಂಡರಿ ಮೇಲೇರುತ್ತದೆ. ಎಷ್ಟೋ ಡಿಸ್ಟ್ರಿಬ್ಯೂಷನ್‌ಗಳು ಅದನ್ನು 1 ಮಾಡಿಯೇ ಕೊಡುತ್ತವೆ, ಆದರೂ ಅಳಿಸುವ ಮುನ್ನ ನೋಡಿಕೊಳ್ಳುವುದಕ್ಕೆ ಒಂದು ಸೆಕೆಂಡ್ ಸಾಕು.

ಇಂಟರ್‌ಫೇಸನ್ನು ಒಮ್ಮೆ ಡೌನ್ ಮಾಡಿ ಅಪ್ ಮಾಡಿದರೆ ಸರಿಹೋದೀತು ಎಂಬ ಅಭ್ಯಾಸ ಹಲವರಿಗಿದೆ. ‘ಐಪಿ ಲಿಂಕ್’ನಿಂದ ಹಾಗೆ ಮಾಡಿದರೆ ಅದರ ಮೂಲಕ ಹೋಗುವ ರೂಟ್‌ಗಳೆಲ್ಲ ಅಳಿಯುತ್ತವೆ. ಮತ್ತೆ ಅಪ್ ಆದಾಗ ತನ್ನದೇ ಸಬ್‌ನೆಟ್‌ನ ರೂಟ್ ವಾಪಸ್ ಬರುತ್ತದೆ, ಕೈಯಿಂದ ಹಾಕಿದ ಡೀಫಾಲ್ಟ್ ರೂಟ್ ಬರುವುದಿಲ್ಲ. ಐಪಿವಿ6 ಆದರೆ ಮೂಲ ಸೆಟ್ಟಿಂಗ್‌ನಲ್ಲಿ ಗ್ಲೋಬಲ್ ವಿಳಾಸವೇ ಹೋಗುತ್ತದೆ. ಮೇಲಾಗಿ ಡೌನ್ ಮಾಡಿದ ತಕ್ಷಣ ನಿಮ್ಮ ಸೆಶನ್ ನಿಲ್ಲುವುದರಿಂದ, ಅಪ್ ಎಂದು ಟೈಪ್ ಮಾಡಲು ಯಾರೂ ಉಳಿದಿರುವುದಿಲ್ಲ. ಮಾಡಲೇಬೇಕಾದರೆ ಟಿಮಕ್ಸ್ (ಸಂಪರ್ಕ ಕಡಿದರೂ ಓಡುತ್ತಲೇ ಇರುವ ಟರ್ಮಿನಲ್) ಒಳಗೆ, ಎರಡನ್ನೂ ಒಂದೇ ಸಾಲಿನಲ್ಲಿ ಬರೆದು, ಯಜಮಾನನ ಉಪಕರಣದಿಂದಲೇ ಮಾಡಿ.

ಹೆಸರು ಹುಡುಕುವ ಸೆಟ್ಟಿಂಗ್ ಬಗ್ಗೆ ಎರಡೇ ಮಾತು. ರೆಸಾಲ್ವ್.ಕಾನ್ಫ್ ಫೈಲ್‌ನಲ್ಲಿ ಎಷ್ಟು ನೇಮ್‌ಸರ್ವರ್ ಬರೆದರೂ ಜಿಲಿಬ್‌ಸಿ (ಲಿನಕ್ಸ್ ಪ್ರೋಗ್ರಾಮ್‌ಗಳು ಬಳಸುವ ಮೂಲ ಲೈಬ್ರರಿ) ನೋಡುವುದು ಮೊದಲ 3 ಮಾತ್ರ. ಮೊದಲನೆಯದು ಸತ್ತಿದ್ದರೆ ಮೂಲ ಸೆಟ್ಟಿಂಗ್‌ನಲ್ಲಿ 5 ಸೆಕೆಂಡ್ ಕಾದು ಎರಡನೆಯದಕ್ಕೆ ಹೋಗುತ್ತದೆ. ಎಲ್ಲವೂ ಸರಿಯಾಗಿ 5 ಸೆಕೆಂಡ್ ತಡ ಎಂದು ಯಾರಾದರೂ ದೂರಿದರೆ ಅಲ್ಲಿ ನೋಡಿ. ಅದರೊಳಗೆ 127.0.0.53 ಕಂಡರೆ ಅಲ್ಲಿನ ಯಜಮಾನ ಸಿಸ್ಟಮ್‌ಡಿ-ರಿಸಾಲ್ವ್‌ಡಿ, ಫೈಲ್ ತಿದ್ದಿ ಪ್ರಯೋಜನವಿಲ್ಲ.

ರೀಬೂಟ್

ಎಲ್ಲ ಮುಗಿದ ಮೇಲೆ ನಾನು ಬಿಡದೆ ಕೇಳುವುದು ಒಂದು ರೀಬೂಟ್. ಇದಕ್ಕೆ ವಿರೋಧ ಬರುತ್ತದೆ, ನೂರಾರು ದಿನ ನಿಲ್ಲದೆ ಓಡಿದ ಯಂತ್ರದ ಬಗ್ಗೆ ಜನರಿಗೆ ಹೆಮ್ಮೆ ಇರುತ್ತದೆ, ಅದು ನನಗೂ ಅರ್ಥವಾಗುತ್ತದೆ. ಆದರೆ ಬದಲಾವಣೆ ಮಾಡಿದವರು ಎಚ್ಚರವಾಗಿ ಕೂತಿರುವಾಗ, ಏನು ಮಾಡಿದೆವೆಂದು ನೆನಪಿರುವಾಗ ಆಗುವ ರೀಬೂಟ್ ಬೇರೆ. ಕರೆಂಟ್ ಹೋಗಿ ಬಂದು, ಹತ್ತಾರು ಯಂತ್ರಗಳು ಒಟ್ಟಿಗೇ ಏಳುವಾಗ ಆಗುವ ರೀಬೂಟ್ ಬೇರೆ. ಮೊದಲನೆಯದರಲ್ಲಿ ತಪ್ಪು ಸಿಕ್ಕರೆ ಅದು ಐದು ನಿಮಿಷದ ಕೆಲಸ.

ಬೂಟ್ ಸಮಯದಲ್ಲಿ ಮಾತ್ರ ಕಾಣುವ ತೊಂದರೆಗಳೂ ಇವೆ. ನಿರ್ದಿಷ್ಟ ಐಪಿ ವಿಳಾಸದ ಮೇಲೆ ಕೇಳಿಸಿಕೊಳ್ಳುವಂತೆ ಹೊಂದಿಸಿದ ಸರ್ವಿಸ್, ಆ ವಿಳಾಸ ಇಂಟರ್‌ಫೇಸ್‌ಗೆ ಬರುವ ಮೊದಲೇ ಶುರುವಾದರೆ ‘ಕೇಳಿದ ವಿಳಾಸ ಕೊಡಲಾಗದು’ ಎಂಬ ದೂರಿನೊಂದಿಗೆ ಬಿದ್ದುಹೋಗುತ್ತದೆ. ಲಾಗಿನ್ ಆಗಿ ಕೈಯಿಂದ ಶುರು ಮಾಡಿದರೆ ಏಳುತ್ತದೆ, ಅಷ್ಟು ಹೊತ್ತಿಗೆ ವಿಳಾಸ ಬಂದಿರುತ್ತದೆ. ಅಂಥ ಸರ್ವಿಸ್‌ಗಳು ಸಿಸ್ಟಮ್‌ಡಿಯ ನೆಟ್‌ವರ್ಕ್-ಆನ್‌ಲೈನ್ ಟಾರ್ಗೆಟ್‌ಗೆ (ನೆಟ್‌ವರ್ಕ್ ಸಿದ್ಧವಾದ ಬೂಟ್ ಹಂತಕ್ಕೆ) ಕಾಯುವಂತೆ ಬರೆಯಬೇಕು. ಬರೀ ನೆಟ್‌ವರ್ಕ್ ಟಾರ್ಗೆಟ್‌ಗೆ ಕಾದರೆ ವಿಳಾಸ ಬಂದಿದೆ ಎಂಬ ಖಾತ್ರಿ ಇಲ್ಲ. ಐಪಿವಿ6 ವಿಳಾಸ ಬಂದ ಮೇಲೂ, ಬೇರೆ ಯಾರೂ ಅದನ್ನು ಬಳಸುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳುವವರೆಗೆ ಸ್ವಲ್ಪ ಹೊತ್ತು ‘ಟೆಂಟೆಟಿವ್’ ಸ್ಥಿತಿಯಲ್ಲಿರುತ್ತದೆ, ಆಗಲೂ ಸರ್ವಿಸ್‌ಗೆ ಅದು ಸಿಗುವುದಿಲ್ಲ.

ಹೀಗಾಗಿ ರೀಬೂಟ್‌ಗೆ ಮೊದಲು ವಿಳಾಸಗಳು, ಐಪಿವಿ4 ಮತ್ತು ಐಪಿವಿ6 ರೂಟ್‌ಗಳು, ರೂಲ್‌ಗಳು, ಯಾವ ಸರ್ವಿಸ್ ಯಾವ ಪೋರ್ಟ್‌ನಲ್ಲಿ ಕೇಳುತ್ತಿದೆ ಎಂಬ ಪಟ್ಟಿ, ಇಷ್ಟನ್ನೂ ಒಂದು ಫೈಲ್‌ಗೆ ಉಳಿಸಿಕೊಳ್ಳುತ್ತೇನೆ. ಎದ್ದ ಮೇಲೆ ಅದೇ ಕಮ್ಯಾಂಡ್‌ಗಳನ್ನು ಮತ್ತೆ ಓಡಿಸಿ ‘ಡಿಫ್’ ಹಾಕಿ ನೋಡುತ್ತೇನೆ. ಪ್ರೋಸೆಸ್ ನಂಬರ್, ವಿಳಾಸದ ಬಾಕಿ ಆಯಸ್ಸಿನಂಥವು ಬಿಟ್ಟು ಬೇರೆ ಯಾವ ಸಾಲು ಬದಲಾಗಿದ್ದರೂ ಅದರ ಕಾರಣ ಸಿಗುವವರೆಗೆ ಕೆಲಸ ಮುಗಿದಿಲ್ಲ. ಸಿಕ್ಕ ಮೇಲೆ ಸೆಟ್ಟಿಂಗ್ ಫೈಲ್‌ನಲ್ಲೇ, ಆ ಸಾಲಿನ ಮೇಲೆ, ಈ ರೂಟ್ ಯಾವ ನೆಟ್‌ವರ್ಕ್‌ಗಾಗಿ, ಯಾಕೆ ಬೇಕಾಯಿತು ಎಂದು ಒಂದು ಕಾಮೆಂಟ್ ಬರೆಯುತ್ತೇನೆ. ಹಳೆಯ ಫೈಲ್‌ನ ಪ್ರತಿಯನ್ನು ಆ ಡೈರೆಕ್ಟರಿಯಿಂದ ಬೇರೆ ಕಡೆ ಸಾಗಿಸುತ್ತೇನೆ. ನೆಟ್‌ಪ್ಲಾನ್ ತನ್ನ ಡೈರೆಕ್ಟರಿಯಲ್ಲಿ ಯಾಮಲ್ ಎಂದು ಕೊನೆಯಾಗುವ ಎಲ್ಲ ಫೈಲ್‌ಗಳನ್ನೂ ಓದಿ ಒಟ್ಟುಗೂಡಿಸುತ್ತದೆ. ಬ್ಯಾಕಪ್ ಎಂದು ಇಟ್ಟುಕೊಂಡದ್ದೂ ಯಾಮಲ್ ಫೈಲೇ ಆಗಿದ್ದರೆ, ಅದರೊಳಗಿನ ಹಳೆಯ ವಿಳಾಸ ಮುಂದಿನ ಬೂಟ್‌ನಲ್ಲಿ ಹೊಸದರ ಪಕ್ಕದಲ್ಲೇ ಇಂಟರ್‌ಫೇಸ್ ಮೇಲೆ ಬಂದಿರುತ್ತದೆ.